ಬಿಯರಿಗೆ ನಿಂಬೆಹಣ್ಣು ಹಿಂಡಬೇಡಿ ಸ್ವಾಮೀ...

ಕಳೆದ ಶನಿವಾರ ನಮ್ಮ ಅಡುಗೆಮನೆಯಲ್ಲಿ ಒಂದು ಸಣ್ಣ ಜಗಳ ಆಯ್ತು. ಇಪ್ಪತ್ತು ವರ್ಷದ ಗೆಳೆತನದ ಮುಲಾಜಿಗೆ ಜಗಳವೇನೋ ಅಲ್ಲಿಗೇ ನಿಂತಿತು. ನನ್ನ ಹೊಟ್ಟೆಯುರಿ ಮಾತ್ರ ಇನ್ನೂ ನಿಂತಿಲ್ಲ. ಅದಕ್ಕೇ ಈ ಬರಹ.

ಆಗಿದ್ದಿಷ್ಟು. ಇಂಜಿನಿಯರಿಂಗ್ ಕಾಲದ ಗೆಳೆಯನೊಬ್ಬ ಆಫೀಸಿನ ಕೆಲಸಕ್ಕೆ ಬೆಂಗಳೂರಿನಿಂದ ಬ್ರಸೆಲ್ಸಿಗೆ ಬಂದಿದ್ದ. ಅಲ್ಲಿಂದ ನಾವಿರೋ ಲ್ಯೂವೆನ್ನಿಗೆ ರೈಲಲ್ಲಿ ಅರ್ಧ ಗಂಟೆ. "ಬಾರೋ, ಅನ್ನ ಸಾರು ಊಟ ಮಾಡ್ಕೊಂಡು ಹೋಗು" ಅಂದೆ, ಬಂದ. ಊಟಕ್ಕೆ ಮುಂಚೆ ಇರಲಿ ಅಂತ, ಜೋಪಾನವಾಗಿ ಇಟ್ಟಿದ್ದ ಮುಕ್ಕಾಲು ಲೀಟರಿನ ಸೆಜೋಂ ದ್ಯುಪೋಂ ಬಾಟಲಿ ತೆಗೆದು ಎರಡು ಗ್ಲಾಸಿಗೆ ಸುರಿದೆ. ಕಡಲೆಬೀಜ ತರೋಕೆ ಆಕಡೆ ತಿರುಗಿ ಈಕಡೆ ತಿರುಗೋದ್ರಲ್ಲಿ ಆಸಾಮಿ ಫ್ರಿಜ್ಜಿನಿಂದ ಅರ್ಧ ಹೋಳು ನಿಂಬೆಹಣ್ಣು ತೆಗೆದು ಗ್ಲಾಸಿಗೆ ಹಿಂಡಿಬಿಟ್ಟಿದ್ದ. ಬೀಜ ಸಮೇತ!

"ಯಾಕೋ?" ಅಂದೆ.

"ಹೆಂಗಿದ್ರೂ ನಿಂಬೆ ಘಮ ಬರ್ತಿದೆಯಲ್ಲೋ. ಇನ್ನೊಂಚೂರು ಇರ್ಲಿ ಅಂತ" ಅಂದ.

ಹೊಸದಾಗಿ ಹುರಿದು ಕುಟ್ಟಿದ ಪುಡಿ ಹಾಕಿ ಅಮ್ಮ ಮೆಣಸಿನ ಸಾರು ಮಾಡಿ ಬಡಿಸಿದ್ದಾರೆ ಅಂತಿಟ್ಕೊಳ್ಳಿ. "ಹೆಂಗಿದ್ರೂ ಮೆಣಸಿನ ಘಮ ಬರ್ತಿದೆ" ಅಂತ ಅದರ ಮೇಲೆ ಒಂದು ಚಮಚ ಮೆಣಸಿನಪುಡಿ ಸುರ್ಕೊಂಡ್ರೆ ಹೇಗಿರುತ್ತೆ? ಹಾಗೇ ಆಯ್ತು ನನಗೆ.

ಗೆಳೆಯನನ್ನು ಬಿಡಿ, ಅವನು ಬರೀ ನೆಪ. ಇಲ್ಲಿನ ಅಂಗಡಿಗಳಲ್ಲೇ "ಸೆಜೋಂ" ಅಂತ ಹೆಸರಿಟ್ಟುಕೊಂಡು ನಿಂಬೆಸಿಪ್ಪೆ, ಶುಂಠಿ, ಹಣ್ಣಿನ ರಸ ಎಲ್ಲಾ ಸುರಿದ ಬಾಟಲಿಗಳು ಸಾಲಾಗಿ ನಿಂತಿರುತ್ತವೆ. ಅವರು ಮಾಡೋದೂ ನನ್ನ ಗೆಳೆಯ ಮಾಡಿದ್ದೇ. ಅವರದ್ದರ ಮೇಲೆ ಚಂದದ ಲೇಬಲ್ ಇರುತ್ತೆ, ಅಷ್ಟೇ ವ್ಯತ್ಯಾಸ.

*

ಮೊದಲು ಇದೇನು ಅಂತ ಹೇಳಿಬಿಡ್ತೀನಿ. ಸೆಜೋಂ ಅಂದ್ರೆ ಫ್ರೆಂಚಿನಲ್ಲಿ ಋತು, ಹಂಗಾಮು. ಬೆಲ್ಜಿಯಂನ ಫ್ರೆಂಚ್ ಮಾತಾಡೋ ಭಾಗ ವಲೋನಿಯಾ. ಅಲ್ಲಿ ಎನೋ ಅಂತೊಂದು ಪ್ರಾಂತ (ಹೌದು, ಹೊಟ್ಟೆಯುಬ್ಬರಕ್ಕೆ ಕುಡಿಯೋ ಪುಡಿಯ ಹೆಸರಿನ ಹಾಗೇ, ನಗಬೇಡಿ :-) ). ಆ ಪ್ರಾಂತದ ತೂರ್ಪ್ ಅನ್ನೋ ಹಳ್ಳಿಯ ಒಂದು ಬೇಸಾಯದ ಮನೆಯಲ್ಲಿ 1844ರಿಂದ ಬಿಯರ್ ಮಾಡ್ತಾ ಬಂದಿದ್ದಾರೆ. 1920ರಲ್ಲಿ ಆಲ್ಫ್ರೆಡ್ ದ್ಯುಪೋಂ ಅನ್ನೋವ್ರು ಅದನ್ನ ಕೊಂಡರು. ಯಾಕೆ ಗೊತ್ತಾ? ಅವರ ಮಗ ಲೂಯಿ ಕೆನಡಾಕ್ಕೆ ಹೋಗಿ ಬೇಸಾಯ ಮಾಡ್ತೀನಿ ಅಂತ ಹೊರಟಿದ್ದ. ಮಗ ಊರಲ್ಲೇ ಇರಲಿ ಅಂತ ಅಪ್ಪ ಬ್ರೂವರಿಯನ್ನೇ ಕೊಡಿಸಿದ! ಮಗ ಪರದೇಶಕ್ಕೆ ಹೋಗದಿರಲಿ ಅಂತ ಅಪ್ಪಂದಿರು ಪಡೋ ಪಾಡು ನಮಗೇನೂ ಹೊಸದಲ್ಲ. ನಮ್ಮಪ್ಪನ ಕೈಲಿ ಬ್ರೂವರಿ ಕೊಡಿಸೋಕೆ ಆಗಲಿಲ್ಲ, ಹಾಗಾಗಿ ನಾನು ಇಲ್ಲಿದೀನಿ.

ಅದೇ ಮನೆತನದವರು ಇವತ್ತಿಗೂ ನಡೆಸ್ತಿರೋ ಆ ಬ್ರೂವರಿಯ ಬಿಯರೇ ಈ ಸೆಜೋಂ ದ್ಯುಪೋಂ. ಆಲ್ಕೊಹಾಲ್ 6.5%. ಸ್ವಲ್ಪ ಮಬ್ಬಾದ ಹೊಂಬಣ್ಣ, ಮೇಲೆ ಮಜ್ಜಿಗೆ ಕಡೆದಾಗ ಏಳೋ ಹಾಗೆ ದಟ್ಟ ಬಿಳಿ ನೊರೆ. ಮೂಗಿಗೆ ಹಿಡಿದರೆ ನಿಂಬೆ.

ಆದರೆ ಈ ಬಿಯರಿಗೆ ನಿಂಬೆ ಹಾಕಿಲ್ಲ. ಕಿತ್ತಳೆ ಸಿಪ್ಪೆಯೂ ಇಲ್ಲ, ಕೊತ್ತಂಬರಿ ಬೀಜವೂ ಇಲ್ಲ. ಮತ್ತೆ ನಿಂಬೆ ಎಲ್ಲಿಂದ ಬಂತು?

ಹೆಚ್ಚಾಗಿ ಯೀಸ್ಟಿನಿಂದ. ನಮ್ಮ ಕಡೆ ಸಿಗೋ ಮಾಮೂಲಿ ಲಾಗರ್ ಬಿಯರಿನ ಯೀಸ್ಟ್ ಸುಮಾರು 10 ಡಿಗ್ರಿಯ ತಂಪಿನಲ್ಲಿ ಕೆಲಸ ಮಾಡುತ್ತೆ. ಏಲ್ ಜಾತಿಯ ಬಿಯರುಗಳದ್ದು 20ರ ಆಸುಪಾಸು. ದ್ಯುಪೋಂ ಮನೆಯ ಯೀಸ್ಟನ್ನ 30 ಡಿಗ್ರಿ ದಾಟಿದ ಸೆಕೆಗೆ ಬಿಡ್ತಾರೆ. ಬೇರೆ ಯೀಸ್ಟನ್ನ ಆ ಸೆಕೆಗೆ ಬಿಟ್ಟರೆ ಸಾಮಾನ್ಯವಾಗಿ ಕೊನೆಗೆ ಸಿಗೋದು ಸ್ಪಿರಿಟ್ಟಿನ ಘಾಟು. ಇದು ಮಾತ್ರ ಆ ಸೆಕೆಯಲ್ಲಿ ಎಸ್ಟರ್ ಅನ್ನೋ ರಾಸಾಯನಿಕಗಳನ್ನ ಹದವಾಗಿ ತಯಾರಿಸುತ್ತೆ. ಹಣ್ಣುಗಳಿಗೆ ಪರಿಮಳ ಕೊಡೋದೂ ಅದೇ ಕುಲದ ವಸ್ತುಗಳು. ಜೊತೆಗೆ ಮೆಣಸು, ಲವಂಗ ನೆನಪಿಸೋ ಫಿನಾಲುಗಳು. ಉಳಿದದ್ದು ಹಾಪ್ಸ್ ಹೂವಿನ ಎಣ್ಣೆಯಿಂದ.

ಇನ್ನೊಂದು ವಿಶೇಷ ಇದೆ. ಮಾಮೂಲಿ ಯೀಸ್ಟುಗಳು ಬಾರ್ಲಿಯ ಸಕ್ಕರೆ ತಿಂದು, ಜಗಿಯೋಕಾಗದ ಗಟ್ಟಿ ಪಿಷ್ಟದ ಚೂರುಗಳನ್ನ ಹಾಗೇ ಬಿಡ್ತವೆ. ಸೆಜೋಂ ಯೀಸ್ಟುಗಳಲ್ಲಿ ಹಲವಕ್ಕೆ ಆ ಚೂರುಗಳನ್ನೂ ಒಡೆದು ತಿನ್ನೋ ಜೀನ್ ಇದೆ. ಊಟದೆಲೆಯನ್ನ ಬಳಿದು ಬಳಿದು ತಿನ್ನೋ ಜಾತಿ ಅನ್ನಿ! ಹಾಗಾಗಿ ಸಿಹಿ ಅನ್ನೋದು ಹೆಚ್ಚುಕಮ್ಮಿ ಉಳಿಯೋದೇ ಇಲ್ಲ. ಬಿಯರ್ ಒಣಒಣ ಆಗುತ್ತೆ. ಆಮೇಲೆ ಬಾಟಲಿಗಳನ್ನ ಬೆಚ್ಚಗಿನ ಕೋಣೆಯಲ್ಲಿ ಅಡ್ಡಡ್ಡ ಮಲಗಿಸಿ ವಾರಗಟ್ಟಲೆ ಬಿಡ್ತಾರೆ, ಒಳಗೇ ಮತ್ತೊಮ್ಮೆ ಹುದುಗಲಿ ಅಂತ. ನಾಲಿಗೆಗೆ ಚುಳ್ ಅನ್ನಿಸೋ ಗಾಳಿಗುಳ್ಳೆ ಹುಟ್ಟೋದು ಅಲ್ಲೇ.

ಸೆಕೆ, ಹುಳ ಮತ್ತು ಕಾಲ ಮೂರೂ ಸೇರಿ ಕಟ್ಟಿದ ನಿಂಬೆ ಅದು. ಅದರ ಮೇಲೆ ಹಣ್ಣು ಹಿಂಡಿದರೆ ಹುಳಿ ಮುಂದೆ ಬಂದು ನಿಲ್ಲುತ್ತೆ, ಉಳಿದದ್ದೆಲ್ಲ ಹಿಂದೆ ಸರಿಯುತ್ತೆ. ಉಳಿಯೋದು ದುಬಾರಿ ಸೋಡಾ ಶರಬತ್ತು.

"ಬಿಳಿ ಬಿಯರಿಗೆ ನಿಂಬೆ ಹೋಳು ಹಾಕಿ ಕೊಡಲ್ವಾ?" ಅಂತ ಗೆಳೆಯ ವಾದಕ್ಕೆ ನಿಂತ. ಒಳ್ಳೇ ಪ್ರಶ್ನೆ. ಆ ಬಿಳಿ ಬಿಯರಿನ ಊರು ಹೂಗಾರ್ಡೆನ್ ನಮ್ಮನೆಯಿಂದ ದೂರವೇನಿಲ್ಲ. ಅಲ್ಲಿನ ಕೊನೆಯ ಬ್ರೂವರಿ 1957ರಲ್ಲಿ ಮುಚ್ಚಿತ್ತು. ಹಾಲು ಹಾಕ್ತಿದ್ದ ಪಿಯರ್ ಸೆಲಿಸ್ ಅನ್ನೋ ಮನುಷ್ಯ 1966ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟ. ಅದರಲ್ಲಿ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜ ಎರಡೂ ಉಂಟು. ಆದರೆ ಅವನ್ನ ಹಾಕೋದು ಮಾಡೋವಾಗಲೇ, ಒಗ್ಗರಣೆಯ ಹಾಗೆ ಹದ ನೋಡಿ. ಬಡಿಸಿದ ಮೇಲೆ ಎಲೆಗೆ ಹಸಿ ಸಾಸಿವೆ ಉದುರಿಸೋದಕ್ಕೆ ಒಗ್ಗರಣೆ ಅನ್ನಲ್ಲ.

*

ಇನ್ನು "ಸಿಟ್ರಸ್". ಬಿಯರ್ ಬಗ್ಗೆ ಬರೆಯೋ ಇಂಗ್ಲಿಷಿನವರು ಕಂಡಕಂಡಲ್ಲಿ ಬಳಸೋ ಪದ. ನನ್ನ ಪ್ರಕಾರ ಇದು ಶುದ್ಧ ಸೋಮಾರಿ ಪದ. ನಮ್ಮವರೂ ಅದನ್ನೇ ಎತ್ತಿಕೊಂಡು "ಸಿಟ್ರಸೀ ಆಗಿದೆ" ಅಂತಾರೆ. ಯಾವ ಸಿಟ್ರಸ್ ಸ್ವಾಮೀ? ನಿಂಬೆಯೋ, ಗಜನಿಂಬೆಯೋ, ಹೇರಳೆಯೋ, ಮಾದಳವೋ, ಚಕ್ಕೋತವೋ, ಮೂಸಂಬಿಯೋ, ಕೊಡಗಿನ ಕಿತ್ತಳೆಯೋ? ರಸವೋ, ಸಿಪ್ಪೆಯೋ, ಸಿಪ್ಪೆಯೊಳಗಿನ ಬಿಳಿ ಪೊರೆಯೋ, ಎಲೆಯೋ? ಇಷ್ಟೊಂದು ಹೆಸರು ನಾಲಿಗೆ ತುದಿಯಲ್ಲಿ ಇರೋ ನಾವು ಒಂದು ಬೋಳು ಪದ ಸಾಲ ತಂದು ಓಡಾಡಿಸ್ತೀವಲ್ಲ!

ನನಗೆ ಸಿಕ್ಕಿದ್ದು ಹೀಗೆ. ಮೊದಲು ನಿಂಬೆಸಿಪ್ಪೆಯನ್ನ ಉಗುರಲ್ಲಿ ಗೀರಿದಾಗ ಮೂಗಿಗೆ ಚಿಮ್ಮೋ ಚುರುಕು. ಅದರ ಹಿಂದೆಯೇ ಹೊಸದಾಗಿ ಜಜ್ಜಿದ ಕರಿಮೆಣಸು. ಆಮೇಲೆ ಬಿಸಿಲಿಗೆ ಒಣಗಿದ ಹುಲ್ಲು. ನುಂಗಿದ ಮೇಲೆ ಗಂಟಲ ಹತ್ತಿರ ಉಳಿಯೋದು ಚಕ್ಕೋತದ ತೊಳೆಯ ಪೊರೆಯಲ್ಲಿರೋ ಕಹಿ, ಸ್ವಲ್ಪ ಒಗರು. "ಒಗರು" ಅಂತ ಒಂದೇ ಪದದಲ್ಲಿ ಹೇಳಿ ಮುಗಿಸೋ ಸುಖ ಇಂಗ್ಲಿಷಿನಲ್ಲಿ ಎಲ್ಲಿದೆ ಹೇಳಿ.

ನಾನೇನೂ ಹುಟ್ಟುತ್ತಲೇ ಪಂಡಿತ ಅಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಇದೇ ಬಿಯರನ್ನ ಫ್ರೀಜರಿನಲ್ಲಿಟ್ಟು, ಹಲ್ಲು ಜುಮ್ಮೆನ್ನೋಷ್ಟು ತಣ್ಣಗೆ ಮಾಡಿ, ಬಾಟಲಿಯಿಂದಲೇ ಗಟಗಟ ಕುಡಿದು, "ಏನೂ ರುಚಿ ಇಲ್ಲ, ಬರೀ ಕಹಿ" ಅಂತ ಫರ್ಮಾನು ಹೊರಡಿಸಿದ್ದೆ. ಅಷ್ಟು ತಣ್ಣಗಿದ್ದರೆ ಪರಿಮಳ ಮೇಲೆ ಏಳೋದೇ ಇಲ್ಲ. ಬಾಟಲಿಯ ಬಾಯಲ್ಲಿ ಮೂಗು ಹಿಡಿಸಲ್ಲ. ರುಚಿ ಅಂತ ನಾವಂದುಕೊಳ್ಳೋದರಲ್ಲಿ ದೊಡ್ಡ ಪಾಲು ಮೂಗಿನದು. ನೆಗಡಿ ಬಂದಾಗ ಊಟ ಮಾಡಿದ ಯಾರಿಗಾದರೂ ಇದು ಗೊತ್ತು. ತಪ್ಪು ನನ್ನದು, ಬೈಸಿಕೊಂಡಿದ್ದು ಬಿಯರು.

ಹಾಗಂತ ನಾನು ಇದರ ಭಕ್ತನೂ ಅಲ್ಲ. ಇದು ಬರೋ ಹಸಿರು ಬಾಟಲಿ ಬೆಳಕನ್ನ ಸರಿಯಾಗಿ ತಡೆಯಲ್ಲ. ಅಂಗಡಿಯ ಗಾಜಿನ ಕಿಟಕಿ ಹತ್ತಿರ ನಿಂತಿದ್ದ ಬಾಟಲಿಯಾದರೆ ಹಾಪ್ಸ್ ಕೆಟ್ಟು ಗಬ್ಬು ವಾಸನೆ ಬರುತ್ತೆ. ಅದನ್ನೂ "ಹಳ್ಳಿಯ ಸೊಗಡು" ಅಂತ ಹೊಗಳೋರನ್ನ ಕಂಡಿದೀನಿ. ಸೊಗಡಲ್ಲ ಕಣ್ರೀ, ಕೆಟ್ಟಿರೋದು!

ಈ ಸೊಗಡಿನ ಮಾತಿಗೇ ಸೇರಿದ ಇನ್ನೊಂದು ಕಾಟ ಇದೆ. ಸೆಜೋಂ ಅಂದ ಕೂಡಲೇ ಒಂದು ಕಥೆ ಶುರುವಾಗುತ್ತೆ. ಚಳಿಗಾಲದಲ್ಲಿ ರೈತರು ಮಾಡಿಟ್ಟು, ಬೇಸಿಗೆಯ ಕೊಯ್ಲಿಗೆ ಬರೋ ಕೂಲಿಯಾಳುಗಳಿಗೆ ಕುಡಿಯೋಕೆ ಕೊಡ್ತಿದ್ರು ಅಂತ. ಹುಲ್ಲಿನ ಬಣವೆ, ಕುಡುಗೋಲಿನ ಚಿತ್ರ ಬೇರೆ. ಫ್ರಿಜ್ಜಿಲ್ಲದ ಕಾಲದಲ್ಲಿ ತಂಪಿನ ತಿಂಗಳಲ್ಲಿ ಮಾಡಿ ಬೇಸಿಗೆಗೆ ಇಟ್ಟುಕೊಳ್ತಿದ್ದದ್ದು ನಿಜ. ಆದರೆ ಕಥೆ ಹೇಳೋ ಹಾಗೆ ಇದು ಬರೀ ಹೊಲದ ಸರಕು ಅನ್ನೋದಕ್ಕೆ ಚರಿತ್ರೆ ಬಲ್ಲವರು ತಲೆಯಾಡಿಸಲ್ಲ. 19ನೇ ಶತಮಾನದಲ್ಲಿ ಲಿಯೇಜ್ ಪಟ್ಟಣದಲ್ಲೂ ಸೆಜೋಂ ಅನ್ನೋ ಹೆಸರಿನ ಬಿಯರ್ ಇತ್ತು. ಅಲ್ಲಾ, 6.5% ಇರೋದನ್ನ ಬಿಸಿಲಲ್ಲಿ ಕುಡಿದು ಕುಡುಗೋಲು ಹಿಡಿದರೆ ಕೊಯ್ಯೋದು ಏನನ್ನ? ರುಚಿ ಗೊತ್ತಾಗದಿದ್ದಾಗ ಕಥೆ ಬೇಕಾಗುತ್ತೆ. ಬಣವೆಯ ಚಿತ್ರ ನೋಡಿ ಕುಡಿಯೋನು ಬಿಯರ್ ಕುಡಿಯಲ್ಲ, ಚಿತ್ರ ಕುಡೀತಾನೆ.

*

"ಒಂದು ಬಿಯರಿಗೆ ಇಷ್ಟೊಂದು ರಾಮಾಯಣ ಬೇಕಾ?" ಅಂತ ನೀವು ಕೇಳಬಹುದು. ಎರಡು ಕಾರಣಕ್ಕೆ ಬೇಕು.

ಒಂದು. ರುಚಿ ಕೇಳೋರಿಲ್ಲದಿದ್ದರೆ ವಸ್ತುವೇ ಹೋಗಿಬಿಡುತ್ತೆ. ಬೆಲ್ಜಿಯಂ ಅಂದ್ರೆ ಮನೆಮನೆಯಲ್ಲೂ ಅಪರೂಪದ ಬಿಯರ್ ಅಂದ್ಕೋಬೇಡಿ. ಇಲ್ಲಿನವರೂ ಹೆಚ್ಚಾಗಿ ಕುಡಿಯೋದು ತಣ್ಣಗಿನ ತೆಳು ಪಿಲ್ಸನರ್ ಬಿಯರನ್ನೇ. 1980ರ ದಶಕದ ಹೊತ್ತಿಗೆ ದ್ಯುಪೋಂ ಮನೆಯಲ್ಲೇ ಸೆಜೋಂ ಮೂಲೆ ಸೇರಿತ್ತು. ಓಡ್ತಾ ಇದ್ದದ್ದು ಅವರದೇ ಇನ್ನೊಂದು ಬಿಯರ್ ಮ್ವಾನೆತ್. ಆಗ ಅಮೆರಿಕದ ಆಮದುದಾರರು ರುಚಿ ನೋಡಿ, ಇದೇ ಬೇಕು ಅಂತ ಕೇಳಿ ತರಿಸಿಕೊಂಡರು. ಮೈಕಲ್ ಜಾಕ್ಸನ್ (ಹಾಡೋ ಜಾಕ್ಸನ್ ಅಲ್ಲ, 2007ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಬಿಯರ್ ಬರಹಗಾರ) ಇದರ ಬಗ್ಗೆ ಬರೆದ. ಇವತ್ತು ಜಗತ್ತಲ್ಲಿ ಯಾರು ಸೆಜೋಂ ಮಾಡಿದರೂ ಮುಂದಿಟ್ಟುಕೊಳ್ಳೋದು ಇದನ್ನೇ. ಯುನೆಸ್ಕೋ 2016ರಲ್ಲಿ ಬೆಲ್ಜಿಯಂನ ಬಿಯರ್ ಸಂಸ್ಕೃತಿಯನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸಂತೋಷವೇ. ಆದರೆ ಸೆಜೋಂ ಉಳಿದದ್ದು ಪಟ್ಟಿಯಿಂದಲ್ಲ, ಗಮನ ಕೊಟ್ಟು ಕುಡಿದ ಕೆಲವೇ ಜನರಿಂದ.

ಎರಡನೇ ಕಾರಣ ಹೇಳೋಕೆ ಸ್ವಲ್ಪ ಕಷ್ಟ. ನಮ್ಮ ದೊಡ್ಡಪ್ಪ ಸಾರಾಯಿ ಕುಡೀತಿದ್ದರು. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತು ಹೋಗೋಕೆ ಎಷ್ಟೋ ಮುಂಚೆಯೇ ಅವರು ಹೋಗಿಬಿಟ್ಟರು. ಪ್ಯಾಕೆಟ್ಟಿನ ಮೂಲೆಯನ್ನ ಹಲ್ಲಲ್ಲಿ ಕಚ್ಚಿ ಹರಿದು, ಎಡಗೈಯಲ್ಲಿ ಮೂಗು ಹಿಡಿದುಕೊಂಡು, ಕಣ್ಣು ಮುಚ್ಚಿ ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಳ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ. ಮೂಗು ಹಿಡಿದುಕೊಂಡು! ರುಚಿ ಗೊತ್ತಾಗಬಾರದು ಅನ್ನೋದೇ ಅಲ್ಲಿ ಉದ್ದೇಶ. ಅವರ ಕಷ್ಟ ಅವರಿಗೆ, ನಾನು ತೀರ್ಪು ಕೊಡೋನಲ್ಲ. ಆದರೆ ಒಳ್ಳೇ ಸಂಬಳದ ನನ್ನ ಗೆಳೆಯರೂ "ರುಚಿ ಕಟ್ಟಿಕೊಂಡು ಏನಾಗಬೇಕು, ಕಿಕ್ಕು ಎಷ್ಟು ಹೇಳು" ಅಂತ ಕೇಳಿದಾಗ ನನಗೆ ಕಾಣೋದು ಆ ಎಡಗೈಯೇ. ನಿಂಬೆ ಹಿಂಡೋದು, ಐಸ್ ಮಾಡಿ ಗಟಗಟ ಏರಿಸೋದು, ಎಲ್ಲವೂ ಮೂಗು ಹಿಡಿದುಕೊಳ್ಳೋ ಬೇರೆ ಬೇರೆ ದಾರಿಗಳು.

ರುಚಿ ನೋಡಿ ಕುಡಿದರೆ ಆಲ್ಕೊಹಾಲ್ ಅಮೃತ ಆಗಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನೋ ಅಳತೆಯೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲೇ ಹೇಳಿದೆ. ಕುಡಿಯದವರಿಗೆ ಕುಡಿಯಿರಿ ಅಂತ ನಾನು ಖಂಡಿತ ಹೇಳ್ತಿಲ್ಲ. ಕುಡಿಯೋರಿಗೆ ಮಾತ್ರ ಹೇಳ್ತಿರೋದು: ಕುಡಿಯೋದಾದರೆ ಏನು ಕುಡೀತಿದೀರಿ ಅಂತ ತಿಳಿದು ಕುಡೀರಿ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಬಿಡಿ. ಬಾಯಿ ಅಗಲದ ಗ್ಲಾಸಿಗೆ ಸುರೀರಿ. ಮೊದಲು ಮೂಸಿ. ಆಮೇಲೆ ಒಂದು ಗುಟುಕು. ಒಂದು ಗ್ಲಾಸು ಅರ್ಧ ಗಂಟೆ ಬರುತ್ತೆ, ನಾನು ಗ್ಯಾರಂಟಿ.

ಅಂದ ಹಾಗೆ, ಆ ನಿಂಬೆ ಹಿಂಡಿದ ಗ್ಲಾಸನ್ನ ಕೊನೆಗೆ ಸಿಂಕಿಗೆ ಸುರಿದೆ. ಬಾಟಲಿಯಲ್ಲಿ ಉಳಿದಿದ್ದನ್ನ ಬೇರೆ ಗ್ಲಾಸಿಗೆ ಹಾಕಿ, "ಬಾಯಿ ಮುಚ್ಚಿಕೊಂಡು ಮೂಸು" ಅಂದೆ. ಗೆಳೆಯ ಹಾಸನದ ಕಡೆಯವನು. ಗ್ಲಾಸೊಳಗೆ ಮೂಗಿಟ್ಟು ಒಂದು ನಿಮಿಷ ಸುಮ್ಮನಿದ್ದ. ಆಮೇಲೆ, "ಲೋ, ಇದು ನಿಂಬೆ ಅಲ್ವೋ. ಅಮ್ಮ ಚಿತ್ರಾನ್ನಕ್ಕೆ ಹೇರಳೆಕಾಯಿ ಹೆಚ್ತಾರಲ್ಲ, ಆಗ ಮಣೆ ಮೇಲಿಂದ ಬರೋ ವಾಸನೆ" ಅಂದ.

ನಾನು ಇದನ್ನ ಎಷ್ಟೋ ವರ್ಷದಿಂದ ಕುಡೀತಿದೀನಿ, ಹೇರಳೆಕಾಯಿ ನನಗೆ ಹೊಳೆದಿರಲಿಲ್ಲ! ಮೇಲೆ ನಾನು ಕೊಟ್ಟ ಪಟ್ಟಿಗೆ ಅದನ್ನೂ ಸೇರಿಸ್ಕೊಳ್ಳಿ, ಶ್ರೇಯಸ್ಸು ಅವನಿಗೆ.

ನಿಮ್ಮೂರ ಕಡೆ ಈ ಜಾತಿಯ ಹಣ್ಣುಗಳಿಗೆ ಬೇರೆ ಏನೇನು ಹೆಸರಿದೆ? ಯಾವುದರ ಸಿಪ್ಪೆ ಹೇಗೆ ಘಮ್ಮೆನ್ನುತ್ತೆ? ಕುಡಿಯದವರೂ ಹೇಳಬಹುದು, ಮೂಗು ಎಲ್ಲರಿಗೂ ಇದೆ :-)