ಗಾಯಕ್ಕಿಂತ ಮೊದಲು ಭಯ ಮಾಯಲಿ

ಎಳೆಯ ಮಕ್ಕಳಿರುವ ಮನೆಯಲ್ಲಿ ಬೀಳುವುದು, ಏಳುವುದು, ಮೊಣಕಾಲು ತರಚಿಕೊಳ್ಳುವುದು ನಿತ್ಯದ ಸಂಗತಿ. ಬೀಳದೆ ನಡೆಯಲು ಕಲಿತ ಮಗು ಲೋಕದಲ್ಲಿ ಇರಲಾರದು. ಆದರೆ ಮಗು ಬಿದ್ದ ಆ ಕ್ಷಣದಲ್ಲಿ ಹಿರಿಯರಾದ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದು ಮಾತ್ರ ವಿಚಾರ ಮಾಡತಕ್ಕ ವಿಷಯ.

ನಮ್ಮಲ್ಲಿ ಸಾಮಾನ್ಯವಾಗಿ ಎರಡು ಬಗೆಯ ವರ್ತನೆ ಕಂಡುಬರುತ್ತದೆ. ‘ಅಯ್ಯೋ, ರಕ್ತ!’ ಎಂದು ಚೀರಿ ಮನೆಯವರನ್ನೆಲ್ಲ ಗಾಬರಿಗೊಳಿಸುವುದು ಒಂದು. ‘ಓಡಬೇಡವೆಂದು ಎಷ್ಟು ಸಲ ಹೇಳಬೇಕು?’ ಎಂದು ಅಳುವ ಮಗುವಿನ ಬೆನ್ನಿಗೇ ಗುದ್ದು ಕೊಡುವುದು ಇನ್ನೊಂದು. ಎರಡಕ್ಕೂ ಮೂಲ ನಮ್ಮ ಹೆದರಿಕೆಯೇ. ಬಿದ್ದ ಮಗು ಮೊದಲು ನೋಡುವುದು ತನ್ನ ಗಾಯವನ್ನಲ್ಲ, ತಾಯಿತಂದೆಯರ ಮುಖವನ್ನು. ಅಲ್ಲಿ ಶಾಂತಿ ಕಂಡರೆ ಅರ್ಧ ನೋವು ಅಲ್ಲಿಯೇ ಇಳಿಯುತ್ತದೆ.

ನಮ್ಮ ಮನೆಯ ಅನುಭವವನ್ನೇ ಹೇಳುತ್ತೇನೆ. ಐದು ವರ್ಷದ ಮೊಮ್ಮಗನೊಬ್ಬ ಅಂಗಳದಲ್ಲಿ ಜಾರಿ ಬಿದ್ದು ಮೊಣಕೈ ಕೆತ್ತಿಸಿಕೊಂಡು ಬಂದಾಗ ನಾನು ಔಷಧಕ್ಕಿಂತ ಮೊದಲು ಬೈಗುಳವನ್ನು ಕೊಟ್ಟೆ. ಕೆಲವು ದಿನಗಳ ನಂತರ ಸ್ನಾನ ಮಾಡಿಸುವಾಗ ಅವನ ಕಣಕಾಲಿನಲ್ಲಿ ಒಣಗಿದ ಗೀರುಗಳು ಕಂಡವು. ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ‘ಬೈಯುವುದಿಲ್ಲ’ ಎಂದು ಮಾತು ಕೊಟ್ಟ ಮೇಲೆ, ಎರಡು ದಿನಗಳ ಹಿಂದೆ ಬೀದಿನಾಯಿಮರಿ ಪರಚಿತೆಂದು ಮೆಲ್ಲಗೆ ಹೇಳಿದ. ನನ್ನ ಕೈಕಾಲು ತಣ್ಣಗಾದವು. ಕೂಡಲೇ ವೈದ್ಯರಲ್ಲಿಗೆ ಕರೆದೊಯ್ದೆವು. ತಡವಾದರೂ ಲಸಿಕೆ ಹಾಕಿಸಲೇಬೇಕೆಂದು ಹೇಳಿ ಅವರು ಅಂದೇ ಆರಂಭಿಸಿದರು, ಮಗು ಕ್ಷೇಮವಾಗಿದ್ದಾನೆ. ಆದರೆ ಆ ಎರಡು ದಿನಗಳ ಮೌನ ನನ್ನ ಬೈಗುಳದ ಫಲವೆಂಬುದನ್ನು ನಾನು ಮರೆಯಲಾರೆ. ರೇಬಿಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ. ಆದ್ದರಿಂದ ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಅಥವಾ ಪರಚಿದರೆ ಆ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ವೈದ್ಯರನ್ನು ಕಾಣತಕ್ಕದ್ದು.

ಸಾಮಾನ್ಯ ತರಚುಗಾಯಕ್ಕೆ ಕ್ರಮ ಸುಲಭ. ಮೊದಲು ನಮ್ಮ ಕೈ ತೊಳೆದುಕೊಳ್ಳಬೇಕು. ರಕ್ತ ಬರುತ್ತಿದ್ದರೆ ಶುಭ್ರವಾದ ಬಟ್ಟೆಯನ್ನು ಗಾಯದ ಮೇಲಿಟ್ಟು, ಮತ್ತೆ ಮತ್ತೆ ತೆಗೆದು ನೋಡದೆ, 10 ನಿಮಿಷ ಒತ್ತಿ ಹಿಡಿಯಬೇಕು. ಬಳಿಕ ಮಣ್ಣು, ಮರಳು ಹೋಗುವಂತೆ ಹರಿಯುವ ಶುದ್ಧ ನೀರಿನಲ್ಲಿ ತೊಳೆದು ಶುಭ್ರವಾದ ಪಟ್ಟಿ ಕಟ್ಟಿದರೆ ಸಾಕು. ಕಾಫಿಪುಡಿ, ಸುಣ್ಣ, ಬೂದಿ ಮೆತ್ತುವ ಹಳೆಯ ರೂಢಿಯನ್ನು ಬಿಡುವುದು ಲೇಸು. ಅವು ಗಾಯವನ್ನು ಮಲಿನಗೊಳಿಸುತ್ತವೆ. ಬಿಸಿನೀರೋ ಹಾಲೋ ಚೆಲ್ಲಿ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಬೇಕು. ಮಂಜುಗಡ್ಡೆ, ಶಾಯಿ, ಟೂತ್‌ಪೇಸ್ಟ್ ಹಚ್ಚಬಾರದು, ಬೊಬ್ಬೆಯನ್ನು ಒಡೆಯಬಾರದು.

ಧನುರ್ವಾಯುವಿನ ಜೀವಾಣು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುತ್ತದೆ. ಮಗುವಿಗೆ 6, 10, 14ನೆಯ ವಾರಗಳಲ್ಲಿಯೂ, ಒಂದೂವರೆ ವರ್ಷದ ಸುಮಾರಿಗೆ ಹಾಗೂ 5ರಿಂದ 6 ವರ್ಷದೊಳಗೂ ಹಾಕಿಸುವ ಲಸಿಕೆಗಳು ಅದಕ್ಕೆ ರಕ್ಷಣೆ. ತಾಯಿ ಕಾರ್ಡನ್ನು ಜೋಪಾನವಾಗಿಟ್ಟು, ಮೊಳೆ ಚುಚ್ಚಿದಾಗ ವೈದ್ಯರಿಗೆ ತೋರಿಸಬೇಕು.

ತಲೆಗೆ ಪೆಟ್ಟು ಬಿದ್ದಾಗ ಮಾತ್ರ ಉದಾಸೀನ ಸಲ್ಲದು. ಪ್ರಜ್ಞೆ ತಪ್ಪುವುದು, ಮೇಲಿಂದ ಮೇಲೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಸೆಳವು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಸೋರುವುದು—ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಾಯ್ದೆರೆದ ಆಳವಾದ ಗಾಯ, ನಿಲ್ಲದ ರಕ್ತಸ್ರಾವ, ಮರುದಿನ ಕೆಂಪೇರಿ ಬಾತು ಕೀವಾಗುವುದು—ಇವೂ ಮನೆಮದ್ದಿಗೆ ತಕ್ಕವಲ್ಲ.

ಇನ್ನೊಂದು ಮಾತು. ಮಗು ಬಿದ್ದಾಗ ನೆಲಕ್ಕೆ ಹೊಡೆದು ‘ನೆಲ ಕೆಟ್ಟದ್ದು’ ಎಂದು ಸಮಾಧಾನಪಡಿಸುವ ವಾಡಿಕೆಯುಂಟು. ತನ್ನ ನೋವಿಗೆ ಇನ್ನೊಬ್ಬರನ್ನು ದೂರುವ ಪಾಠವನ್ನು ನಾವೇ ಏಕೆ ಕಲಿಸಬೇಕು? ‘ನೋವಾಯಿತೇ? ಎಲ್ಲಿ, ತೋರಿಸು. ಹೇಗಾಯಿತು ಹೇಳು’ ಎಂದರೆ ಸಾಕು. ಎಚ್ಚರಿಕೆಯ ಮಾತಿಗೆ ಅಳು ನಿಂತ ಮೇಲೂ ಸಮಯವಿದೆ.

ತರಚಿದ ಚರ್ಮ ವಾರದಲ್ಲಿ ಕೂಡಿಕೊಳ್ಳುತ್ತದೆ. ಆದರೆ ‘ಹೇಳಿದರೆ ಹೊಡೆಯುತ್ತಾರೆ’ ಎಂಬ ಭಯ ಒಮ್ಮೆ ನೆಲೆಯೂರಿದರೆ, ಇಂದು ಗಾಯವನ್ನು ಮುಚ್ಚಿಟ್ಟ ಮಗು ನಾಳೆ ಬೆಳೆದು ದೊಡ್ಡ ಸಂಕಟಗಳನ್ನೂ ಮುಚ್ಚಿಡುತ್ತದೆ. ಪೆಟ್ಟಾದ ಮಗು ಮೊದಲು ನಮ್ಮ ಬಳಿಗೇ ಓಡಿಬರುವಂತಿರಲಿ. ಅದಕ್ಕಿಂತ ದೊಡ್ಡ ಪ್ರಥಮ ಚಿಕಿತ್ಸೆ ಇನ್ನೊಂದಿಲ್ಲ.