ನಿದಾನವೂ ನಿಧಾನವೂ

‘ನಿದಾನ’ವೆಂದರೆ ರೋಗದ ಕಾರಣವನ್ನು ಕಂಡುಹಿಡಿಯುವುದು, ‘ನಿಧಾನ’ವೆಂದರೆ ನಮ್ಮ ಬಳಕೆಯಲ್ಲಿ ತಡ. ಹುಡುಗರ ಬರೆವಣಿಗೆಯಲ್ಲಿ ಈ ಒಂದಕ್ಷರದ ತಪ್ಪನ್ನು 30 ವರ್ಷ ತಿದ್ದಿದ ನಾವು ಸ್ವಗೃಹದಲ್ಲಿ ಅದನ್ನು ತಿದ್ದಲಾರದೆ ಹೋದೆವು.

ನಮ್ಮ ಅಕ್ಕನವರಿಗೆ ಮುಟ್ಟು ನಿಂತು 12 ವರ್ಷಗಳಾಗಿದ್ದುವು. ಒಂದು ದಿನ ಸೀರೆಯ ಮೇಲೆ ರಕ್ತದ ಕಲೆ ಕಂಡಿತು. ಉಷ್ಣವೆಂದು ಬಗೆದು ಕೊತ್ತಂಬರಿ ಕಷಾಯ ಕುಡಿದರು. ಮತ್ತೆ ಕಂಡಾಗ ಬಟ್ಟೆಯನ್ನು ತಾವೇ ಒಗೆದುಕೊಂಡು ಸುಮ್ಮನಾದರು. ನೋವಿಲ್ಲದ ಮೇಲೆ ರೋಗವೆಲ್ಲಿಯದೆಂಬುದು ಒಂದು ತರ್ಕ. ಹೇಳಿದರೆ ಮಡಿ ಅಡಿಗೆಯೂ ದೇವರ ಮನೆಯೂ ಮತ್ತೆ ಕೈತಪ್ಪಿಯಾವೆಂಬುದು ಒಳಗಿನ ಭಯ. ಸೊಸೆಗೆ ತಿಳಿಯುವ ವೇಳೆಗೆ 7 ತಿಂಗಳು ಕಳೆದಿದ್ದುವು.

ಆರ್ತವವು 12ನೆಯ ವಯಸ್ಸಿಗೆ ಮೊದಲಾಗಿ 50ಕ್ಕೆ ನಿಲ್ಲುವುದೆಂದು ಸುಶ್ರುತಸಂಹಿತೆಯು ಹೇಳುತ್ತದೆ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ಅದು ನಿಂತಿತೆಂಬುದು ಈಗಿನ ವೈದ್ಯರ ಗಣನೆ. ಅನಂತರ ಕಾಣುವ ರಕ್ತವು ಒಂದೇ ಹನಿಯಾಗಲಿ, ಒಂದೇ ಸಲವಾಗಲಿ, ಅದು ಮರಳಿ ಬಂದ ಮುಟ್ಟೆಂದು ಭಾವಿಸಿ ಸುಮ್ಮನಿರತಕ್ಕದ್ದಲ್ಲ, ಪರೀಕ್ಷಿಸತಕ್ಕ ಲಕ್ಷಣ.

ಹೀಗೆಂದು ಸೋದರಿಯರು ಹೆದರಬೇಕಾದುದಿಲ್ಲ. ಬಹುಮಂದಿಯಲ್ಲಿ ಕಾರಣವು ಸೌಮ್ಯವಾದುದೇ. ಈಸ್ಟ್ರೋಜನ್ ಎಂಬ ರಸವು ಕುಂದಿದಾಗ ಯೋನಿಯ ಚರ್ಮವೂ ಗರ್ಭಾಶಯದ ಒಳಪೊರೆಯೂ ತೆಳುವಾಗಿ ಒಣಗಿ ರಕ್ತ ಜಿನುಗುವುದುಂಟು. ಕೆಲವರಲ್ಲಿ ಪಾಲಿಪ್ ಎಂಬ ಸಣ್ಣ ಗಂಟು. ಕೆಲವರಲ್ಲಿ ಒಳಪೊರೆಯ ಅತಿಬೆಳವಣಿಗೆ. ಮತ್ತೆ ಕೆಲವರಲ್ಲಿ ಹಾರ್ಮೋನ್ ಮಾತ್ರೆ, ಸ್ತನರೋಗಕ್ಕೆ ಕೊಡುವ ಟಮಾಕ್ಸಿಫೆನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧ, ಇವು ನಿಮಿತ್ತ. ಆದರೆ ಸುಮಾರು 10 ಮಂದಿಯಲ್ಲಿ ಒಬ್ಬರಿಗೆ ಗರ್ಭಾಶಯದ ಒಳಪೊರೆಯ ಕ್ಯಾನ್ಸರ್ ಇರುತ್ತದೆ. ಸ್ಥೂಲಕಾಯರಲ್ಲಿಯೂ ಮಧುಮೇಹಿಗಳಲ್ಲಿಯೂ ಈ ಶಂಕೆ ಹೆಚ್ಚು. ಗರ್ಭಾಶಯದ ಕೊರಳಿನ ಕ್ಯಾನ್ಸರೂ ಹೀಗೆಯೇ ತೋರಬಹುದು. ಹೊರಗಿನಿಂದ ನೋಡಿ ಇವನ್ನು ಬೇರ್ಪಡಿಸಲು ಯಾರಿಗೂ ಸಾಧ್ಯವಿಲ್ಲ. ಎಲ್ಲದರ ಕಲೆಯೂ ಒಂದೇ ಬಣ್ಣ.

ಪರೀಕ್ಷೆಯ ಕ್ರಮ ಸರಳವಾದುದು. ರಕ್ತವು ಮೂತ್ರದ್ದೋ ಗುದದ್ದೋ ಗರ್ಭಾಶಯದ್ದೋ ಎಂದು ವೈದ್ಯರು ಮೊದಲು ವಿಚಾರಿಸುತ್ತಾರೆ. ಗರ್ಭಾಶಯದ ಕೊರಳನ್ನು ಕಣ್ಣಾರೆ ನೋಡುತ್ತಾರೆ. ಬಳಿಕ ಯೋನಿಮಾರ್ಗದಿಂದ ಸ್ಕ್ಯಾನ್ ಮಾಡಿ ಒಳಪೊರೆಯ ದಪ್ಪವನ್ನು ಅಳೆಯುತ್ತಾರೆ. ಅದು 4 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆಯಿದ್ದರೆ ಕ್ಯಾನ್ಸರಿನ ಸಂಭವ ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ದಪ್ಪವಿದ್ದರೆ, ಇಲ್ಲವೆ ತೆಳುವಿದ್ದೂ ರಕ್ತ ಮರುಕಳಿಸಿದರೆ, ತೆಳುವಾದ ನಳಿಕೆಯಿಂದ ಒಳಪೊರೆಯ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಅದಕ್ಕೆ ಕೆಲವು ನಿಮಿಷಗಳು ಸಾಕು. ಮುಟ್ಟಿನ ನೋವಿನಂತೆ ಹಿಡಿದು ಬಿಡುತ್ತದೆ. ಬೇಕೆನಿಸಿದರೆ ಹಿಸ್ಟರೋಸ್ಕೋಪ್ ಎಂಬ ದೀಪದ ನಳಿಕೆಯಿಂದ ಒಳಗನ್ನೇ ನೋಡಬಹುದು.

ಅಕ್ಕನವರ ತುಣುಕಿನಲ್ಲಿ ಕ್ಯಾನ್ಸರೇ ಕಂಡಿತು. ಆದರೂ ಅದು ಗರ್ಭಾಶಯವನ್ನು ದಾಟಿರಲಿಲ್ಲ. ಶಸ್ತ್ರಚಿಕಿತ್ಸೆಯಾಗಿ 4 ವರ್ಷ ಸಂದಿವೆ, ಅವರು ನಮ್ಮೊಡನಿದ್ದಾರೆ. ಇದನ್ನು ನಾವು ದೈವಕೃಪೆಯೆನ್ನುವೆವೇ ಹೊರತು ನಮ್ಮ ಜಾಣ್ಮೆಯೆನ್ನಲಾರೆವು. ಇಂಥ ಕ್ಯಾನ್ಸರ್ ಆದವರಲ್ಲಿ 10ಕ್ಕೆ 9 ಮಂದಿಗೆ ರಕ್ತವೇ ಮುನ್ಸೂಚನೆ. ರೋಗವು ತಾನಾಗಿ ಬಾಗಿಲು ತಟ್ಟಿ ಹೇಳಿತ್ತು, ಮನೆಯಲ್ಲಿ ಕೇಳುವವರಿರಲಿಲ್ಲ.

ಆದುದರಿಂದ ಈ ತಿಂಗಳ ಮಾತು ಗೃಹಿಣಿಯರಿಗಷ್ಟೇ ಅಲ್ಲ, ಮನೆಯ ಗಂಡಸರಿಗೂ ಸಲ್ಲತಕ್ಕದ್ದು. ತಾಯಂದಿರೂ ಅಕ್ಕಂದಿರೂ ಇದನ್ನು ನಾಚದೆ ಹೇಳುವಂತೆ, ಹೇಳಿದವರು ಮೂಲೆ ಸೇರದಂತೆ ಮನೆಯನ್ನು ಇಟ್ಟುಕೊಳ್ಳೋಣ. ಕಲೆ ಕಂಡ ವಾರದಲ್ಲಿಯೇ ವೈದ್ಯರಲ್ಲಿಗೆ ಕರೆದೊಯ್ಯೋಣ.