ಹಾಸಿಗೆ ಅಳೆದುಕೊಟ್ಟವರು ಯಾರು?



ನಮ್ಮ ಊಟದ ಪಂಕ್ತಿಯಲ್ಲಿ ನ್ಯೂಯಾರ್ಕಿನ ಟ್ಯಾಕ್ಸಿಯವರ ಸಾಲದ ಮಾತು ಬಂದರೆ ಸಾಕು, "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು" ಎಂಬ ತೀರ್ಪು ಹೊರಬೀಳುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಆ ಹಾಸಿಗೆಯನ್ನು ಅಳೆದುಕೊಟ್ಟವರು ಯಾರೆಂದು ಮೊದಲು ಕೇಳೋಣ.

1937ರ ಹಾಸ್ ಕಾಯಿದೆ ಟ್ಯಾಕ್ಸಿಗಳ ಸಂಖ್ಯೆಗೆ ಮಿತಿ ಹಾಕಿತು. ಬಾನೆಟ್ಟಿನ ಮೇಲಿನ ಆ ತಗಡಿನ ಬಿಲ್ಲೆಗೆ, ಅಂದರೆ ಮೆಡಾಲಿಯನ್ನಿಗೆ, ಆಗ 10 ಡಾಲರ್. ಕಂಪನಿಯ ಚಾಲಕನಿಗೆ ದಿನದ ವಸೂಲಿಯಲ್ಲಿ ಪಾಲು ಸಿಗುತ್ತಿತ್ತು. 1979ರಲ್ಲಿ ಗಾಡಿಯನ್ನು ಪಾಳಿಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಅನುಮತಿ ಸಿಕ್ಕಿತು. ಅಲ್ಲಿಗೆ ಅವನು ನೌಕರನಲ್ಲ, "ಸ್ವತಂತ್ರ ಗುತ್ತಿಗೆದಾರ"! ಎಂಥ ಸ್ವಾತಂತ್ರ್ಯ ನೋಡಿ: ಹನ್ನೆರಡು ಗಂಟೆಯ ಪಾಳಿಗೆ ಬಾಡಿಗೆ ಕಟ್ಟಬೇಕು, ಪೆಟ್ರೋಲು ತಾನೇ ಹಾಕಿಸಬೇಕು, ಗಿರಾಕಿ ಸಿಗದ ದಿನ ಕೈಯಿಂದ ನಷ್ಟ. ರಜೆಯಿಲ್ಲ, ಆರೋಗ್ಯ ವಿಮೆಯಿಲ್ಲ. ಕಂಪನಿಯ ವಿಮೆ ಕಾರ್ಡು ಜೇಬಿನಲ್ಲಿರುವವರಿಗೆ ತೀರ್ಪು ಕೊಡುವುದು ಸುಲಭ.

1998ರ ಮೇ 13ರಂದು ಮೇಯರ್ ಜೂಲಿಯಾನಿಯವರ ಹೊಸ ನಿಯಮ, ದಂಡಗಳ ವಿರುದ್ಧ ಸಾವಿರಾರು ಹಳದಿ ಗಾಡಿಗಳು ನಿಂತವು. ಭಾರತ, ಪಾಕಿಸ್ತಾನ, ಬಾಂಗ್ಲಾದೇಶದ ಚಾಲಕರು ಒಂದಾದರು. (ನಮ್ಮ ಸಂಘಗಳು ಒಂದು ಸಮ್ಮೇಳನದ ದಿನಾಂಕಕ್ಕೆ ಒಂದಾಗುವುದೂ ಕಷ್ಟ!) ಮುಂದೆ ನಿಂತವರು ಗುಜರಾತಿನಲ್ಲಿ ಹುಟ್ಟಿದ ಭೈರವಿ ದೇಸಾಯಿ.

ಈ ಬಾಡಿಗೆಯ ಜೀತ ತಪ್ಪಲೆಂದೇ ಅನೇಕರು ಸಾಲ ಮಾಡಿ ಬಿಲ್ಲೆ ಕೊಂಡರು. ಹರಾಜು ಕೂಗಿದ್ದು ನಗರಾಡಳಿತ. ಒಳ್ಳೆಯ ಹೂಡಿಕೆಯೆಂದು ಜಾಹೀರಾತು ಕೊಟ್ಟಿದ್ದೂ ಅದೇ, ಹಣ ಬಾಚಿದ್ದೂ ಅದೇ. 2014ರ ಹೊತ್ತಿಗೆ ಬೆಲೆ 10 ಲಕ್ಷ ಡಾಲರ್ ಮುಟ್ಟಿತ್ತು. ಅಷ್ಟರಲ್ಲಿ ಊಬರ್ ಗಾಡಿಗಳು ಯಾವ ಮಿತಿಯೂ ಇಲ್ಲದೆ ಬೀದಿಗಿಳಿದಿದ್ದವು. ಅವಕ್ಕೆ ಮಿತಿ ಬಂದದ್ದು 2018ರಲ್ಲಿ. ಬಿಲ್ಲೆಯ ಬೆಲೆ ಕುಸಿಯಿತು, ಸಾಲ ಕುಸಿಯಲಿಲ್ಲ. ಆ ವರ್ಷ ಹಲವು ಚಾಲಕರು ಆತ್ಮಹತ್ಯೆ ಮಾಡಿಕೊಂಡರು. ಊರಿನ ರೈತರ ಸಾಲದ ಕಥೆ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

2021ರಲ್ಲಿ ಅವರು ಸಿಟಿ ಹಾಲ್ ಬಳಿ ಹಗಲೂ ರಾತ್ರಿ ಧರಣಿ ಕೂತರು, 15 ದಿನ ಉಪವಾಸ ಮಾಡಿದರು. ನವೆಂಬರ್ 3ರಂದು ನಗರ ಮಣಿಯಿತು. ಅತಿ ದೊಡ್ಡ ಸಾಲದಾತ ಸಂಸ್ಥೆಯೊಡನೆ ಆದ ಒಪ್ಪಂದದಂತೆ ಸಾಲ 2 ಲಕ್ಷ ಡಾಲರಿಗೆ ಇಳಿಯಿತು, ತಿಂಗಳ ಕಂತು 1,122 ಡಾಲರ್ ಮೀರದಂತಾಯಿತು, ನಗರವೇ ಜಾಮೀನು ನಿಂತಿತು. ಎಲ್ಲ ಚಾಲಕರ ದುರಾಸೆಯೇ ಆಗಿದ್ದರೆ ನಗರವೇಕೆ ಜಾಮೀನು ನಿಲ್ಲುತ್ತಿತ್ತು?

ರಾಜ್ಯೋತ್ಸವಕ್ಕೆ ಊರಿನಿಂದ ಬರುವ ಕಲಾವಿದರನ್ನು ಈ ಸಲ ಕೆನಡಿ ವಿಮಾನ ನಿಲ್ದಾಣದಿಂದ ಹಳದಿ ಟ್ಯಾಕ್ಸಿಯಲ್ಲೇ ಕರೆತರಬೇಕು, ಖರ್ಚಿನ ಪಟ್ಟಿಯಲ್ಲಿ ಟಿಪ್ಸಿಗೂ ಒಂದು ಸಾಲು ಇರಬೇಕು ಎಂದು ಕಾರ್ಯಕಾರಿ ಸಮಿತಿಯನ್ನು ಕೋರುತ್ತೇವೆ.

– ಸಂಘದ ಕೆಲವು ಸದಸ್ಯರು